ನೆಲದೊಳಗಿನ ಗೋಡೆ, ನೆಲದ ಮೇಲಿನ ಮನೆ

ಮಕ್ಕಳೇ, ಮರಳಿನಲ್ಲಿ ಗುಂಡಿ ತೋಡಿ ಆಡಿದ್ದೀರಲ್ಲವೇ? ತೋಡಿದಷ್ಟೂ ಅಂಚಿನ ಮರಳು ಒಳಕ್ಕೆ ಜಾರುತ್ತದೆ. ಹಾಗಾದರೆ ನಗರದ ನಡುವೆ, ಮನೆಗಳ ಪಕ್ಕದಲ್ಲೇ 25 ಮೀಟರ್ ಆಳ ಅಗೆಯುವುದು ಹೇಗೆ? ನೆಲದಡಿಯ ರೈಲು ನಿಲ್ದಾಣಗಳಿಗೆ ಇಂತಹ ಗುಂಡಿ ಬೇಕಾಗುತ್ತದೆ.

ಅದಕ್ಕಾಗಿ ಗುಂಡಿ ತೋಡುವ ಮೊದಲೇ ಅದರ ಸುತ್ತ ಗೋಡೆ ಕಟ್ಟುತ್ತಾರೆ! ಸುಮಾರು 1 ಮೀಟರ್ ಅಗಲದ, ಕೆಲವೇ ಮೀಟರ್ ಉದ್ದದ ಆಳವಾದ ಕಂದಕವನ್ನು ಯಂತ್ರ ಅಗೆಯುತ್ತದೆ. ಅಗೆಯುತ್ತಿರುವಾಗಲೇ ಬೆಂಟೊನೈಟ್ ಎಂಬ ಜೇಡಿಮಣ್ಣು ಕದಡಿದ ನೀರನ್ನು ಅದರಲ್ಲಿ ತುಂಬಿಸುತ್ತಾರೆ. ಆಮೇಲೆ ಕಬ್ಬಿಣದ ಸರಳುಗಳ ಹಂದರ ಇಳಿಸಿ, ಕೊಳವೆಯಿಂದ ತಳಕ್ಕೆ ಕಾಂಕ್ರೀಟ್ ಬಿಡುತ್ತಾರೆ. ಕಾಂಕ್ರೀಟ್ ಹೆಚ್ಚು ಭಾರ. ಆದ್ದರಿಂದ ಕೆಸರುನೀರು ಮೇಲೇರುತ್ತದೆ, ಅದನ್ನು ಹೊರತೆಗೆಯುತ್ತಾರೆ. ಹೀಗೆ ತುಂಡು ತುಂಡಾಗಿ ಗೋಡೆ ಬೆಳೆಯುತ್ತದೆ. ಕೋಲ್ಕತ್ತದಲ್ಲಿ 1984ರಲ್ಲಿ ಆರಂಭವಾದ ಮೆಟ್ರೊಗೂ ಇಂತಹ ಗೋಡೆಗಳನ್ನು ಕಟ್ಟಿದ್ದರು.

ಕೆಸರುನೀರು ಮಣ್ಣನ್ನು ತಡೆಯುತ್ತದೆಯೇ? ಮಾಡಿ ನೋಡಿ. ತೆಳು ಪ್ಲಾಸ್ಟಿಕ್ ಚೀಲಕ್ಕೆ ನೀರು ತುಂಬಿ ಬಕೆಟ್ಟಿನಲ್ಲಿ ನಿಲ್ಲಿಸಿ. ಬಾಯಿ ತೆರೆದೇ ಇರಲಿ. ಸುತ್ತ ಒಣ ಮರಳು ತುಂಬಿ, ಅದರ ಮೇಲೊಂದು ಬೆಂಕಿಪೊಟ್ಟಣ ಇಡಿ. ಈಗ ಚೀಲದ ನೀರನ್ನು ಸಣ್ಣ ಲೋಟದಿಂದ ಮೊಗೆಯಿರಿ. ಮರಳು ಒಳಕ್ಕೆ ಸರಿಯುತ್ತದೆ, ಪೊಟ್ಟಣ ವಾಲುತ್ತದೆ. ಮರಳನ್ನು ಹಿಡಿದಿದ್ದದ್ದು ನೀರಿನ ಒತ್ತಡ. ನಮ್ಮ ಚೀಲದ ಕೆಲಸವನ್ನು ಕಂದಕದಲ್ಲಿ ಬೆಂಟೊನೈಟ್ ಮಾಡುತ್ತದೆ. ಮಣ್ಣಿಗೆ ಪೊರೆಯಂತೆ ಅಂಟಿ ನೀರು ಸೋರದಂತೆ ನೋಡಿಕೊಳ್ಳುತ್ತದೆ.

ಆದರೂ ಅಗೆದು ತೆಗೆದ ಮಣ್ಣಿನಷ್ಟು ಬಲವಾಗಿ ಕೆಸರುನೀರು ಒತ್ತಲಾರದು. ಪಕ್ಕದ ನೆಲ ಕೆಲವು ಮಿಲಿಮೀಟರ್ ಆದರೂ ಕುಸಿಯಬಹುದು. ಮುಂದೆ ಗುಂಡಿ ತೋಡುವಾಗ ಗೋಡೆಯೂ ತುಸು ಒಳಕ್ಕೆ ಬಾಗುತ್ತದೆ. ಅದಕ್ಕೇ ಅಡ್ಡಲಾಗಿ ಉಕ್ಕಿನ ತೊಲೆಗಳನ್ನು ಕೊಟ್ಟು, ಸುತ್ತಲಿನ ಕಟ್ಟಡಗಳನ್ನು ಅಳೆಯುತ್ತಲೇ ಇರುತ್ತಾರೆ.

ಗೋಡೆಯಲ್ಲೇ ತೂತು ಉಳಿದರೆ? ಜರ್ಮನಿಯ ಕಲೋನ್ ನಗರದಲ್ಲಿ ಹಾಗೇ ಆಯಿತು. ಅಗೆಯುವಾಗ ಕಲ್ಲೊಂದು ಅಡ್ಡ ಬಂದಿತ್ತು. ಅದನ್ನು ಪೂರ್ತಿ ತೆಗೆಯದೆ ಕಾಂಕ್ರೀಟ್ ತುಂಬಿದರು. ಅಲ್ಲಿ ಗೋಡೆಯ ಬದಲು ಮಣ್ಣೇ ಉಳಿಯಿತು. 2009ರ ಮಾರ್ಚ್ 3ರಂದು ಆ ಜಾಗ ಒಡೆದು ಮರಳು, ನೀರು ಗುಂಡಿಗೆ ನುಗ್ಗಿದವು. ಮೇಲಿದ್ದ ನಗರದ ದಾಖಲೆಗಳ ಭಂಡಾರ ಕುಸಿಯಿತು. ಒಳಗಿದ್ದವರು ಎಚ್ಚರಿಕೆ ಸಿಕ್ಕಿ ಹೊರಗೋಡಿದರು; ಪಕ್ಕದ ಮನೆಗಳಲ್ಲಿದ್ದ ಇಬ್ಬರು ಯುವಕರು ಉಳಿಯಲಿಲ್ಲ. ಸಾವಿರ ವರ್ಷ ಹಳೆಯ ಕಾಗದಪತ್ರಗಳೂ ಕೆಸರಿನಲ್ಲಿ ಹೂತವು. ಹೆಚ್ಚಿನವನ್ನು ಹೊರತೆಗೆದರು. ಒದ್ದೆಯಾದವುಗಳಿಗೆ ಬೂಷ್ಟು ಹಿಡಿಯದಂತೆ ಮೊದಲು ಹೆಪ್ಪುಗಟ್ಟಿಸಿ, ಬಳಿಕ ಗಾಳಿ ತೆಗೆದ ಪೆಟ್ಟಿಗೆಗಳಲ್ಲಿ ಒಣಗಿಸಿದರು. ಅಲ್ಲಿ ಮಂಜುಗಡ್ಡೆ ನೀರಾಗದೆ ನೇರವಾಗಿ ಆವಿಯಾಗುತ್ತದೆ!