ಕೌದಿಗೂ ಕೂಲಿ ಲೆಕ್ಕ ಹಚ್ಚಿರಿ

ನಮ್ಮದು ಗದಗ ಜಿಲ್ಲೆಯ ರೋಣ ತಾಲೂಕು. ನಾಲ್ಕು ಎಕರೆ ಎರೆಹೊಲ. ಬಾವಿ ಇಲ್ಲ, ಬೋರಿಲ್ಲ. ಮಳೆ ಬಂದರೆ ಬೆಳೆ. ಮುಂಗಾರಿಗೆ ಹೆಸರು, ಹಿಂಗಾರಿಗೆ ಕಡಲೆ ಮತ್ತು ಬಿಳಿಜೋಳ. ರಾಶಿ ಮುಗಿಯಿತೆಂದರೆ ಶಿವರಾತ್ರಿಯಿಂದ ರೋಹಿಣಿ ಮಳೆಯ ತನಕ ಹೊಲದಲ್ಲಿ ಹೇಳಿಕೊಳ್ಳುವಂಥ ಕೆಲಸ ಇರೋದಿಲ್ಲ. ಆ ಮೂರು ತಿಂಗಳು ನಮ್ಮ ಕಡೆ ಹೆಂಗಸರು ಕೌದಿ ಹೊಲೀತಾರೆ.

ನಾನು ಓದಿದ್ದು ಏಳನೇ ಇಯತ್ತೆ. ಕೌದಿ ಹೊಲಿಯೋದನ್ನು ನಮ್ಮವ್ವನಿಂದ ಕಲಿತೆ. ಅದರ ಲೆಕ್ಕ ಕಲಿತದ್ದು ಮಾತ್ರ ಕಳಕೊಂಡ ಮೇಲೆ. ನನ್ನಂಥ ಅಕ್ಕತಂಗಿಯರು ಇನ್ನಷ್ಟು ಜನ ಇದ್ದಾರು ಅಂತ ಇಲ್ಲಿ ಬರೆದಿದ್ದೇನೆ.

ಆರುನೂರಕ್ಕೆ ಕೊಟ್ಟ ಕೌದಿ

2023ರಲ್ಲಿ ಮಳೆ ಕೈಕೊಟ್ಟಿತು. ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತ ಅಂತ ಸರಕಾರ ಸಾರಿದ ವರ್ಷ ಅದು. ನಮ್ಮ ಹೆಸರು ಒಣಗಿತು, ಕಡಲೆಗೆ ಹಾಕಿದ ಬೀಜವೂ ತಿರುಗಿ ಬರಲಿಲ್ಲ. ಮರು ಬೇಸಿಗೆಯಲ್ಲಿ ಬೀಜ ಗೊಬ್ಬರಕ್ಕೆ ದುಡ್ಡಿಲ್ಲದೆ ಕುಂತಿದ್ದಾಗ ಊರಿಗೆ ಒಬ್ಬ ವ್ಯಾಪಾರಿ ಬಂದ. "ಕೌದಿ ಇದ್ರ ಕೊಡ್ರಿ ಯಕ್ಕಾ, ಒಂದಕ್ಕ ಆರನೂರು" ಅಂದ. ನಾಲ್ಕು ಕೌದಿ ಕೊಟ್ಟು 2,400 ರೂಪಾಯಿ ಎಣಿಸಿಕೊಂಡೆ. ಅದರಲ್ಲೊಂದಕ್ಕೆ ನಮ್ಮವ್ವನ ಇಳಕಲ್ ಸೀರೆ ಹಾಕಿದ್ದೆ. ಹಳೆ ಅರಿವೆಗೆ ಇಷ್ಟು ದುಡ್ಡು ಬಂತಲ್ಲ ಅಂತ ಖುಷಿಯೇ ಆಗಿತ್ತು.

ರಾತ್ರಿ ಉಂಡು ಕುಂತಾಗ ಸೊಸೆ ಕೇಳಿದಳು: "ಅತ್ತೀ, ಒಂದು ಕೌದಿಗೆ ಎಷ್ಟು ತಾಸು ಕುಂತಿದ್ರಿ?"

"ಯಾರಿಗೆ ಗೊತ್ತು, ಕೈ ಬಿಡುವಾದಾಗ ಹೊಲದೀನಿ" ಅಂದೆ.

ಅವಳು ಸುಮ್ಮನಾಗಲಿಲ್ಲ. ಮನೆಯಲ್ಲಿ ಉಳಿದಿದ್ದ ಒಂದು ಕೌದಿ ಹಾಸಿ ಅಳೆದಳು. ಉದ್ದ ಏಳೂವರೆ ಅಡಿ, ಅಗಲ ಐದಡಿ. ಹೊಲಿಗೆ ಸಾಲು ಅರ್ಧ ಇಂಚಿಗೊಂದು. ಅಂದರೆ ಅಗಲಕ್ಕೆ 120 ಸಾಲು, ಒಂದೊಂದು ಏಳೂವರೆ ಅಡಿ. ಒಟ್ಟು 900 ಅಡಿ ಹೊಲಿಗೆ! ಇಂಚಿಗೆ ಮೂರು ಟಾಕಿಯಂತೆ 32,400 ಟಾಕಿ. ಮರುದಿನ ಗಡಿಯಾರ ಇಟ್ಟು ಹೊಲಿಸಿ ನೋಡಿದಳು. ತಾಸಿಗೆ 15 ಅಡಿ ಹೋಯಿತು. 900 ಅಡಿಗೆ 60 ತಾಸು. ಒಗೆಯೋದು, ಹರಿಯೋದು, ಹಾಸೋದು ನಾಲ್ಕು ತಾಸು. ಕೂಡಿ 64 ತಾಸು, ಎಂಟು ತಾಸಿನ ದಿನ ಹಿಡಿದರೆ ಪೂರಾ ಎಂಟು ದಿನದ ಕೆಲಸ.

ಆರುನೂರರಲ್ಲಿ ದಾರ, ಸೂಜಿಗೆ 160 ಹೋಯಿತು. ಉಳಿದದ್ದು 440. ದಿನಕ್ಕೆ 55 ರೂಪಾಯಿ. 2024-25ರಲ್ಲಿ ನಮ್ಮ ರಾಜ್ಯದ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 349 ರೂಪಾಯಿ ಇತ್ತು. ಕಳೆ ತೆಗೆಯಲು ಕರೆದರೆ 55 ರೂಪಾಯಿಗೆ ಯಾರೂ ಹೊರಗೆ ಕಾಲಿಡೋದಿಲ್ಲ. ನಾನು ಮಾತ್ರ 32 ದಿನ ಆ ಕೂಲಿಗೆ ದುಡಿದು, ಮೇಲೆ ಅವ್ವನ ಸೀರೆಯನ್ನೂ ಕೊಟ್ಟಿದ್ದೆ. ಆ ವ್ಯಾಪಾರಿ ಮೋಸ ಮಾಡಿದ ಅನ್ನಲಾರೆ. ಲೆಕ್ಕ ಇಲ್ಲದೆ ಮಾರಿದ ತಪ್ಪು ನನ್ನದು.

ಬಟ್ಟೆ ಆರಿಸೋದು

ಮಾರುವ ಕೌದಿಗೆ ಹತ್ತಿ ಬಟ್ಟೆ ಮಾತ್ರ ಇರಲಿ. ಪಾಲಿಸ್ಟರ್ ಬಟ್ಟೆ ಜಾರುತ್ತದೆ, ಬೆವರು ಹೀರೋದಿಲ್ಲ. ಗುರುತು ಸಿಗದಿದ್ದರೆ ಒಂದು ಎಳೆ ಕಿತ್ತು ಬೆಂಕಿಗೆ ಹಿಡಿಯಿರಿ. ಹತ್ತಿಯಾದರೆ ಕಾಗದ ಸುಟ್ಟಂತೆ ಉರಿದು ಬೂದಿಯಾಗುತ್ತದೆ. ಪಾಲಿಸ್ಟರ್ ಕರಗಿ ಗಟ್ಟಿ ಮಣಿಯಂತಾಗುತ್ತದೆ.

ಬಿಳಿ ಅರಿವೆ ಒದ್ದೆ ಮಾಡಿ ಸೀರೆಗೆ ತಿಕ್ಕಿರಿ. ಬಣ್ಣ ಹತ್ತಿದರೆ ಆ ಸೀರೆ ಬೇಡ. ಮುಂದೆ ಒಗೆದಾಗ ಇಡೀ ಕೌದಿ ಕೆಡುತ್ತದೆ. ಎರಡೂ ಕೈಯಲ್ಲಿ ಹಿಡಿದು ಜಗ್ಗಿರಿ. ಚರ್ರಂತ ಹರಿದರೆ ಒಳಪದರಕ್ಕೆ ಹಾಕಿ, ಗಟ್ಟಿ ಬಟ್ಟೆ ಮೇಲೆ ಕೆಳಗೆ ಬರಲಿ.

ಐದೂವರೆ ಮೀಟರಿನ ಸೀರೆ 18 ಅಡಿ ಉದ್ದ, ಹೆಚ್ಚುಕಡಿಮೆ ಪೌಣೆನಾಲ್ಕು ಅಡಿ ಅಗಲ. ಏಳೂವರೆ ಅಡಿಯ ಎರಡು ತುಂಡು ಮಾಡಿ ಅಕ್ಕಪಕ್ಕ ಜೋಡಿಸಿದರೆ ಏಳೂವರೆ ಅಡಿ ಅಗಲ ಬರುತ್ತದೆ. ನಮಗೆ ಬೇಕಾದದ್ದು ಐದು. ಉಳಿದ ಎರಡೂವರೆ ಅಡಿಯ ಪಟ್ಟಿ ತೆಗೆದಿಡಿ. ಇನ್ನೊಂದು ಸೀರೆಯ ಪಟ್ಟಿಯೂ ಕೂಡಿದರೆ ಮತ್ತೊಂದು ಪದರ ಆಯಿತು. ಅಂದರೆ ಎರಡು ಸೀರೆಗೆ ಮೂರು ಪದರ. ನಾಲ್ಕು ಪದರದ ಕೌದಿಗೆ ಮೂರು ಸೀರೆ ಸಾಕು. ಮೇಲ್ಪದರದ ಚಿತ್ತಾರಕ್ಕೆ ಕುಬಸದ ಖಣ, ಸೆರಗಿನ ತುಂಡು, ಮಕ್ಕಳ ಅಂಗಿ ಯಾವುದಾದರೂ ಆದೀತು.

ಹಾಸೋದು, ಹೊಲಿಯೋದು

ನೆಲ ಗುಡಿಸಿ ಕೆಳಪದರ ಹಾಸಿ, ನಾಲ್ಕೂ ಮೂಲೆಗೆ ಕಲ್ಲು ಇಡಿ. ಮೇಲೆ ಒಳಪದರ, ಅದರ ಮೇಲೆ ಮೇಲ್ಪದರ. ಒಂದೊಂದು ಪದರವನ್ನೂ ಅಂಗೈಯಿಂದ ಸವರಿ ಸುಕ್ಕು ತೆಗೆಯಬೇಕು. ಅಂಚನ್ನು ಎರಡು ಬೆರಳು ಒಳಗೆ ಮಡಚಿ. ಗೇಣಿಗೊಂದರಂತೆ ದೊಡ್ಡ ಕಚ್ಚಾ ಟಾಕಿ ಹಾಕಿ. ಈ ಕೆಲಸಕ್ಕೆ ಬೇಸರಪಟ್ಟರೆ ಮುಂದೆ ಕೌದಿ ನಡುವೆ ಗುಬ್ಬೆ ಏಳುತ್ತದೆ.

ದಬ್ಬಣ ಬೇಡ, ತೂತು ಬೀಳುತ್ತದೆ. ಉದ್ದನೆಯ ದಪ್ಪ ಸೂಜಿ ಸಾಕು. ದಾರ ಜೋಡಿ ಎಳೆ, ತೋಳಿನಷ್ಟೇ ಉದ್ದ. ಹೆಚ್ಚಾದರೆ ಗಂಟು ಬೀಳುತ್ತದೆ. ಜೇನುಮೇಣ ಸಿಕ್ಕರೆ ದಾರಕ್ಕೆ ತಿಕ್ಕಿರಿ, ಸಲೀಸಾಗಿ ಹೋಗುತ್ತದೆ. ಅಂಚಿನಿಂದ ಸುರು ಮಾಡಿ ಸುತ್ತುತ್ತ ನಡುವಿಗೆ ಬರಬೇಕು. ಒಂದೊಂದು ಸುತ್ತಿಗೂ ಬಟ್ಟೆ ಸವರಿಕೊಳ್ಳಿ. ಹಗಲು ಬೆಳಕಿನಲ್ಲೇ ಹೊಲಿಯಿರಿ. ನಾನು ರಾತ್ರಿ ಹೊಲಿದ ಸಾಲುಗಳನ್ನು ಬಿಚ್ಚಿ ಮತ್ತೆ ಹೊಲಿದದ್ದೇ ಬಹಳ.

ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಹೆಂಗಸರೂ ಹೀಗೇ ಮೂಲೆಯಿಂದ ಸುತ್ತುತ್ತ ಬಂದು ನಡುವೆ ಮುಗಿಸ್ತಾರೆ. ಅವರು ಕವಂದಿ ಅಂತಾರೆ. ನಾಲ್ಕು ಮೂಲೆಗೆ ಬಟ್ಟೆ ಮಡಚಿ ಫುಲ, ಅಂದರೆ ಹೂವು, ಕೂಡಿಸ್ತಾರೆ. ಅವರ ಕವಂದಿಗಳು 2011ರಲ್ಲಿ ಅಮೆರಿಕದ ನ್ಯೂಯಾರ್ಕ್ ಪಟ್ಟಣದಲ್ಲಿ ಪ್ರದರ್ಶನಕ್ಕೆ ಹೋಗಿದ್ದವು. ನಾವು ಹೊರಸಿನ ಮೇಲೆ ಬಿಸಾಡುವ ಕೌದಿಗೆ ಅಷ್ಟು ಮರ್ಯಾದೆ ಇದೆ ಅಂತ ಆಮೇಲೆ ತಿಳಿಯಿತು.

ಬೆಲೆ ಕಟ್ಟೋದು

ನಾನು ಈಗ ಇಡುವ ಲೆಕ್ಕ ಇಷ್ಟೇ. ಎಷ್ಟು ತಾಸು ಕುಂತೆ ಅಂತ ಆವತ್ತಿನದು ಆವತ್ತೇ ಪಟ್ಟಿಯಲ್ಲಿ ಬರೆಯೋದು. ದಿನಕ್ಕೆ 349ರಂತೆ ತಾಸಿಗೆ 44 ರೂಪಾಯಿ ಆಗುತ್ತದೆ. ನಿಮ್ಮೂರ ಕೂಲಿ ಬ್ಯಾರೆ ಇದ್ದರೆ ಅದನ್ನೇ ಹಿಡಿಯಿರಿ.

ದೊಡ್ಡ ಕೌದಿ: ಎಂಟು ದಿನದ ಕೂಲಿ 2,792, ದಾರ ಸೂಜಿ 160, ಒಟ್ಟು 2,952. ನಾನು 3,000 ಹೇಳ್ತೇನೆ. ಬಟ್ಟೆ ಗಿರಾಕಿಯದೇ.

ಕೂಸಿನ ಕೌದಿ: ಮೂರಡಿ ಉದ್ದ, ಎರಡೂವರೆ ಅಡಿ ಅಗಲ. ಹೊಲಿಗೆ 180 ಅಡಿ, 12 ತಾಸು. ತಯಾರಿಗೆ ಎರಡು ತಾಸು. ಕೂಲಿ 616, ದಾರ 35. ಬೆಲೆ 650.

ಮಾರೋದು ಎಲ್ಲಿ

ನಮ್ಮೂರಲ್ಲಿ ಮೂರು ಸಾವಿರಕ್ಕೆ ಯಾರೂ ಕೌದಿ ಕೊಳ್ಳೋದಿಲ್ಲ. ಮನೆಮನೆಯಲ್ಲೂ ಇರ್ತಾವು. ಸಂತೆಯಲ್ಲಿ ಮಿಷನ್ ಹೊಲಿಗೆಯ ರಗ್ಗು ಐದಾರು ನೂರಕ್ಕೆ ಸಿಗುತ್ತದೆ, ಅದರ ಜೊತೆ ನಾವು ಪೈಪೋಟಿ ಮಾಡಲಾಗದು. ಒಮ್ಮೆ ಜಾತ್ರೆಯಲ್ಲಿ ಹಾಸಿಕೊಂಡು ಕುಂತೆ. ಕೈಯಿಂದ ಮುಟ್ಟಿ ನೋಡಿದವರೇ ಬಹಳ, ಒಬ್ಬರು ಉದ್ರಿ ಒಯ್ದರು, ಆ ದುಡ್ಡು ಬರಲಿಲ್ಲ.

ಕೊಳ್ಳುವವರು ಪೇಟೆಯಲ್ಲಿ ಇದ್ದಾರೆ. ಅವರ ಮನೆಯಲ್ಲಿ ತಾಯಿಯ ಸೀರೆ, ಅಜ್ಜಿಯ ಸೀರೆ ಕಪಾಟಿನಲ್ಲಿ ಇರ್ತಾವೆ. ಉಡೋದಿಲ್ಲ, ಎಸೆಯಲು ಮನಸ್ಸಿಲ್ಲ. "ನಿಮ್ಮ ಸೀರೆ ಕೊಡ್ರಿ, ಕೌದಿ ಮಾಡಿ ಕೊಡ್ತೀನಿ" ಅಂದರೆ ಬೆಲೆಗೆ ಬಹಳ ಎಳೆದಾಡೋದಿಲ್ಲ. ಇದರಿಂದ ನಮಗೆ ಬಟ್ಟೆಯ ಖರ್ಚಿಲ್ಲ. ನಮ್ಮ ಅವ್ವಂದಿರ ಸೀರೆ ನಮ್ಮ ಮನೆಯಲ್ಲೇ ಉಳೀತಾವೆ.

ಹೊಸಬರು ಕೂಸಿನ ಕೌದಿಯಿಂದಲೇ ಸುರು ಮಾಡಿರಿ. ಬೇಗ ಮುಗೀತದೆ, ಬಾಣಂತಿ ಇರುವ ಮನೆಗೆ ಉಡುಗೊರೆ ಕೊಡಲು ಕೇಳ್ತಾರೆ. ಅದನ್ನು ನೋಡಿದವರು ದೊಡ್ಡದಕ್ಕೆ ಬರ್ತಾರೆ. ನನಗೆ ಮೊದಲ ಗಿರಾಕಿ ಸಿಕ್ಕದ್ದೂ ಹಾಗೇ. ಸ್ವಸಹಾಯ ಸಂಘದಲ್ಲಿ ಇದ್ದವರು ಸರಸ್ ಮೇಳಕ್ಕೆ ಕೌದಿ ಒಯ್ಯಲು ಅವಕಾಶ ಇದೆಯೇ ಅಂತ ಸಂಜೀವಿನಿಯವರನ್ನು ಕೇಳಿರಿ.

ನಾನು ಪಾಲಿಸುವ ನಿಯಮ ಮೂರು. ಅರ್ಧ ದುಡ್ಡು ಮುಂಗಡ. ಅಳತೆ, ಪದರ, ಬೆಲೆ, ಕೊಡುವ ದಿನ ಎಲ್ಲ ಒಂದು ಚೀಟಿಯಲ್ಲಿ ಬರೆದು ಇಬ್ಬರೂ ಒಂದೊಂದು ಇಟ್ಟುಕೊಳ್ಳೋದು. ರೋಹಿಣಿ ಮಳೆ ಬಿದ್ದ ಮೇಲೆ ಹೊಸ ಕೌದಿ ಹಿಡಿಯದಿರೋದು, ಯಾಕೆಂದರೆ ನಮ್ಮದು ಮೊದಲು ಹೊಲ.

2025ರ ಬೇಸಿಗೆಯ ಲೆಕ್ಕ

ಕೂಸಿನ ಕೌದಿ ಒಂಬತ್ತು, 5,850 ರೂಪಾಯಿ. ದೊಡ್ಡವು ಎರಡು, 6,000. ಒಟ್ಟು 11,850. ದಾರಕ್ಕೆ 635 ಕಳೆದು ಉಳಿದದ್ದು 11,215. ಹೊಲಿದದ್ದು 254 ತಾಸು, ಅಂದರೆ ದಿನಕ್ಕೆ ಮೂರು ತಾಸಿನಂತೆ ಮೂರು ತಿಂಗಳು. ಹಿಂದಿನ ನಾಲ್ಕು ಕೌದಿಗೂ 256 ತಾಸು ಕುಂತಿದ್ದೆ. ಆಗ ಉಳಿದದ್ದು 1,760. ಕೈ ಅದೇ, ಸೂಜಿ ಅದೇ, ತಾಸೂ ಅಷ್ಟೇ.

ಇಬ್ಬರು ಬೆಲೆ ಕೇಳಿ ತಿರುಗಿ ಹೋದರು. ಹೋಗಲಿ ಅಂತ ಬಿಟ್ಟೆ. ಮುಂಗಾರಿಗೆ ಹೆಸರಿನ ಬೀಜ, ಗೊಬ್ಬರ ಈ ದುಡ್ಡಿನಲ್ಲೇ ತಂದೆವು, ಸಾಲದ ಅಂಗಡಿಗೆ ಹೋಗಲಿಲ್ಲ.

ಓದಿದ ಅಣ್ಣತಮ್ಮಂದಿರೂ ಒಂದು ಮಾತು ಕೇಳ್ರಿ. ನಿಮ್ಮ ಮನೆಯ ಹೆಣ್ಣುಮಕ್ಕಳು ಬಿಡುವಿನಲ್ಲಿ ಏನು ಮಾಡಿ ಮಾರಿದರೂ, ಅದು ಕೌದಿಯಿರಲಿ, ಸಂಡಿಗೆ ಹಪ್ಪಳವಿರಲಿ, ಬೆಲೆ ಹೇಳುವ ಮುಂಚೆ ಅವರ ತಾಸು ಎಣಿಸಿರಿ. ಪೆನ್ಸಿಲ್, ಪಟ್ಟಿ ಇಷ್ಟೇ ಬೇಕಾದದ್ದು.