ಉಬ್ಬಸದ ಪಂಪನ್ನು ಬಚ್ಚಿಡಬೇಡಿ



ಶಿವರಾತ್ರಿ ಕಳೆದು ಯುಗಾದಿ ಹತ್ತಿರ ಬಂತೆಂದರೆ ಮರಗಳು ಚಿಗುರಿ ಹೂ ಬಿಡುತ್ತವೆ. ಅದೇ ಹೊತ್ತಿಗೆ ಸಂಘದ ಸಭೆಗಳಲ್ಲಿ ಸೀನು, ಕೆಮ್ಮು ಜೋರಾಗುತ್ತದೆ. ಕೇಳಿದರೆ "ಶೀತ ಅಷ್ಟೇ, ಬಿಡಿ ಸಿಸ್ಟರ್" ಅಂತೀರಿ. ಜ್ವರವಿಲ್ಲದೆ ಪ್ರತಿ ವರ್ಷ ಇದೇ ಕಾಲಕ್ಕೆ ಸಾಲುಸಾಲು ಸೀನು, ಕಣ್ಣು ಮೂಗಿನ ತುರಿಕೆ ಬಂದರೆ ಅದು ಅಲರ್ಜಿ ಇರಬಹುದು. ರಾತ್ರಿ ಅಥವಾ ಬೆಳಗಿನ ಜಾವ ಎದೆ ಬಿಗಿದು, ಉಸಿರಿನಲ್ಲಿ ಸುಂಯ್ ಎಂಬ ಸದ್ದು ಬಂದರೆ ಅದು ಉಬ್ಬಸ, ಅಂದರೆ ಆಸ್ತಮಾ ಇರಬಹುದು. ವೈದ್ಯರಿಗೆ ತೋರಿಸಲೇಬೇಕು.

ಈ ಕಾಲದಲ್ಲೇ ಯಾಕೆ?

ಗಾಳಿಮರ, ಬಳ್ಳಾರಿ ಜಾಲಿ, ಕಾಂಗ್ರೆಸ್ ಗಿಡ ಇವುಗಳ ಪರಾಗ ಕೆಲವರಿಗೆ ಆಗುವುದಿಲ್ಲ. ಅದರ ಮೇಲೆ ನಾವೇ ಎಬ್ಬಿಸುವ ಧೂಳು, ಹೊಗೆ ಬೇರೆ: ಹಬ್ಬಕ್ಕೆ ಅಟ್ಟ ಗುಡಿಸುವುದು, ವರ್ಷದ ಖಾರದ ಪುಡಿ ಮಾಡುವುದು, ತರಗೆಲೆಗೆ ಬೆಂಕಿ, ಸೌದೆ ಒಲೆ, ಸೊಳ್ಳೆ ಬತ್ತಿ. ಇವು ತಾಗಿದಾಗ ಉಬ್ಬಸವಿರುವವರ ಶ್ವಾಸನಾಳ ಒಳಗಡೆ ಊದಿಕೊಂಡು ಬಿಗಿಯುತ್ತದೆ. ಗಾಳಿ ಹೋಗುವ ದಾರಿ ಕಿರಿದಾಗುತ್ತದೆ.

ಪಂಪಿನ ಬಗ್ಗೆ ಹೆದರಿಕೆ

"ಪಂಪು ಹಿಡಿದರೆ ಚಟವಾಗುತ್ತೆ", "ಮಗಳು ಪಂಪು ಎಳೆಯೋದು ಗೊತ್ತಾದರೆ ಸಂಬಂಧ ಕೂಡಿಬರಲ್ಲ" ಎಂಬ ಮಾತನ್ನು ನಾವು ಊರೂರಲ್ಲಿ ಕೇಳುತ್ತೇವೆ. ಹೀಗೆ ಬಚ್ಚಿಟ್ಟ ಕಾಯಿಲೆಯೇ ನಡುರಾತ್ರಿ ಆಸ್ಪತ್ರೆಗೆ ಓಡಿಸುತ್ತದೆ, ಸಂಘದ ಸಾಲವನ್ನೂ ನುಂಗುತ್ತದೆ. ಜೀವಕ್ಕೂ ಅಪಾಯ.

ಪಂಪು ಚಟವಲ್ಲ. ಮಾತ್ರೆ ಮೈಗೆಲ್ಲ ಹರಡುತ್ತದೆ, ಪಂಪಿನ ಮದ್ದು ನೇರ ಶ್ವಾಸಕೋಶಕ್ಕೆ ಹೋಗುತ್ತದೆ. ಅದಕ್ಕೇ ಸ್ವಲ್ಪ ಸಾಕು. ಸಾಲ್ಬುಟಮಾಲ್ ಪಂಪಿನ ಒಂದು ಸಲದ ಮದ್ದು 100 ಮೈಕ್ರೋಗ್ರಾಂ. ಅದೇ ಮದ್ದಿನ 4 ಮಿಲಿಗ್ರಾಂ ಮಾತ್ರೆಯಲ್ಲಿ ಇದರ 40 ಪಟ್ಟು ಇರುತ್ತದೆ.

ಪಂಪಿನಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು, ಬಿಗಿದ ನಾಳವನ್ನು ಕೂಡಲೇ ಸಡಿಲಿಸುವುದು. ಇನ್ನೊಂದು, ಒಳಗಿನ ಊತ ಇಳಿಸಿ ಉಬ್ಬಸ ಬಾರದಂತೆ ತಡೆಯುವುದು. ಎರಡೂ ಕೂಡಿರುವ ಪಂಪೂ ಉಂಟು. ಬೇಗ ಆರಾಮ ಸಿಗುತ್ತದೆಂದು ಬರೀ ಮೊದಲನೆಯದನ್ನೇ ನೆಚ್ಚಿಕೊಂಡರೆ ಊತ ಹಾಗೇ ಉಳಿಯುತ್ತದೆ. ಸಾಲ್ಬುಟಮಾಲ್ ಒಂದೇ ಸಾಲದು ಎಂದು ಆಸ್ತಮಾ ಬಗ್ಗೆ ಜಾಗತಿಕ ಮಾರ್ಗಸೂಚಿ ಕೊಡುವ ಜಿನಾ ಸಂಸ್ಥೆ 2019ರಿಂದ ಹೇಳುತ್ತಿದೆ. ನಿಮ್ಮದು ಯಾವ ಪಂಪು ಎಂದು ವೈದ್ಯರನ್ನು ಕೇಳಿ ತಿಳಿಯಿರಿ. ಹುಷಾರಾಯಿತೆಂದು ತಡೆಯುವ ಮದ್ದನ್ನು ನೀವೇ ನಿಲ್ಲಿಸಬೇಡಿ. ಅದನ್ನು ತೆಗೆದುಕೊಂಡ ಮೇಲೆ ಬಾಯಿ ಮುಕ್ಕಳಿಸಿ ಉಗಿಯಿರಿ. ಪಂಪಿಗೆ ಸ್ಪೇಸರ್ ಜೋಡಿಸಿದರೆ ಮದ್ದು ಗಂಟಲಲ್ಲೇ ನಿಲ್ಲದೆ ಒಳಗೆ ಹೋಗುತ್ತದೆ. ಸರ್ಕಾರಿ ಆಸ್ಪತ್ರೆಯಲ್ಲಿ ಮೊದಲು ವಿಚಾರಿಸಿ, ಜನೌಷಧಿ ಕೇಂದ್ರದಲ್ಲಿ ಬೆಲೆ ಕಡಿಮೆ. ಹೆಸರಿಲ್ಲದ "ದಮ್ಮಿನ ಪುಡಿ" ಮಾತ್ರ ಬೇಡ.

ಮನೆಯಲ್ಲಿ ಮಾಡಬಹುದಾದ್ದು

* ಅಟ್ಟ ಗುಡಿಸುವ ಕೆಲಸ ಉಬ್ಬಸವಿಲ್ಲದವರು ಮಾಡಲಿ. ಒದ್ದೆ ಬಟ್ಟೆಯಿಂದ ಒರೆಸಿ.
* ಹಾಸಿಗೆ, ದಿಂಬು ಬಿಸಿಲಿಗೆ ಹಾಕಿ. ಹೊದಿಕೆಗಳನ್ನು ವಾರಕ್ಕೊಮ್ಮೆ ಬಿಸಿನೀರಲ್ಲಿ ಒಗೆಯಿರಿ.
* ಸೊಳ್ಳೆ ಬತ್ತಿ ಬದಲು ಸೊಳ್ಳೆ ಪರದೆ ಕಟ್ಟಿ.
* ಕಾಂಗ್ರೆಸ್ ಗಿಡವನ್ನು ಹೂ ಬಿಡುವ ಮೊದಲೇ ಕೀಳಿ. ಕೈಗೆ ಗವಸು, ಮೂಗಿಗೆ ಬಟ್ಟೆ ಇರಲಿ. ಅಲರ್ಜಿ ಇರುವವರು ಮುಟ್ಟಬೇಡಿ.
* ಎರಡು ವಾರ ಮೀರಿದ ಕೆಮ್ಮಿದ್ದರೆ ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಮಾಡಿಸಿ. ಕ್ಷಯವೂ ಇರಬಹುದು.

ಅಪಾಯದ ಗುರುತುಗಳು

ಒಂದು ಮಾತು ಪೂರ್ತಿ ಹೇಳಲಾಗದಷ್ಟು ಏದುಸಿರು, ಪಕ್ಕೆಲುಬಿನ ನಡುವೆ ಚರ್ಮ ಒಳಕ್ಕೆ ಎಳೆಯುವುದು, ತುಟಿ ನೀಲಿಯಾಗುವುದು, ಪಂಪು ಎಳೆದರೂ ಕಡಿಮೆಯಾಗದಿರುವುದು. ಇವುಗಳಲ್ಲಿ ಒಂದು ಕಂಡರೂ ತಡಮಾಡದೆ 108ಕ್ಕೆ ಫೋನ್ ಮಾಡಿ. ಮಲಗಿಸಬೇಡಿ, ನೆಟ್ಟಗೆ ಕೂರಿಸಿ. ಗಾಡಿ ಬರುವ ತನಕ ಕೂಡಲೇ ಸಡಿಲಿಸುವ ಪಂಪನ್ನು ನಿಮಿಷಕ್ಕೊಂದರಂತೆ ಹತ್ತು ಸಲದವರೆಗೆ ಕೊಡಬಹುದು.

ಸಭೆಯಲ್ಲಿ ಚರ್ಚಿಸಿ

1. ನಮ್ಮ ಸಂಘದಲ್ಲಿ ಉಬ್ಬಸವಿರುವವರು ಎಷ್ಟು ಮಂದಿ? ಪಂಪು ಬಳಸಲು ಯಾರಿಗೆ ಸಂಕೋಚ, ಯಾಕೆ?
2. ಹಬ್ಬದ ಧೂಳಿನ ಕೆಲಸದಲ್ಲಿ ಅವರಿಗೆ ಯಾರು ನೆರವಾಗುತ್ತೀರಿ?
3. ಪಂಪು, ಸ್ಪೇಸರ್ ಕೊಳ್ಳಲು ಸಂಘದಿಂದ ಸಣ್ಣ ಸಾಲ ಕೊಡಬಹುದೇ?

ಕನ್ನಡಕ ಹಾಕಿಕೊಳ್ಳಲು ನಾವ್ಯಾರೂ ನಾಚುವುದಿಲ್ಲ. ಉಸಿರಿಗೆ ಬೇಕಾದ ಪಂಪಿಗೆ ಯಾಕೆ ನಾಚಿಕೆ? ಮುಂದಿನ ಸಭೆಗೆ ಅದನ್ನು ಕೈಚೀಲದಲ್ಲಿ ಇಟ್ಟುಕೊಂಡೇ ಬನ್ನಿ.