ಸ್ವಿಚ್ ಹಾಕುವ ಮುಂಚೆ

ಫೋಟೋಗಳು ಬಂದವಪ್ಪ, ನೋಡಿದೆ. ಅಂಕ ತೋರಿಸುವ ಉರುಳೆಗಳು, ಒಳಗೆ ಬಟ್ಟೆ ಸುತ್ತಿದ ವೈರಿನ ಕಂತೆಗಳು, ರಿಲೇಗಳ ಸಾಲು. ಅಂದರೆ ಚಿಪ್ ಗಿಪ್ ಏನೂ ಇಲ್ಲದ, ಎಪ್ಪತ್ತರ ದಶಕದ ಗಾಟ್ಲೀಬ್ ಪಿನ್‌ಬಾಲ್. ಒಳ್ಳೇದನ್ನೇ ತಂದಿದ್ದೀಯ. ಒಂದೇ ಒಂದು ಮಾತು ಕೇಳು: ಇನ್ನೂ ಪ್ಲಗ್ ಸಿಕ್ಕಿಸಿಲ್ಲವಾದರೆ ಸಿಕ್ಕಿಸಬೇಡ. ಯಾರದೋ ಬೇಸ್‌ಮೆಂಟಿನಲ್ಲಿ ವರ್ಷಗಟ್ಟಲೆ ಬಿದ್ದಿದ್ದ ಯಂತ್ರಕ್ಕೆ ಇನ್ನೆರಡು ವಾರ ಕಾಯುವುದೇನೂ ಭಾರವಲ್ಲ. ಇವುಗಳಲ್ಲಿ ವಯಸ್ಸಾಗಿ ಕೆಟ್ಟವಕ್ಕಿಂತ ರಿಪೇರಿಗೆ ಕೂತವರ ಆತುರಕ್ಕೆ ಕೆಟ್ಟವೇ ಜಾಸ್ತಿ.

ನೀನು ಶಿಕಾಗೋಗೆ ಕೆಲಸಕ್ಕೆ ಹೋಗಿದ್ದು ಒಂದು ಲೆಕ್ಕಕ್ಕೆ ಸರಿಹೋಯಿತು. ಪಿನ್‌ಬಾಲ್ ತಯಾರಿಸುತ್ತಿದ್ದ ಗಾಟ್ಲೀಬ್, ಬ್ಯಾಲಿ, ವಿಲಿಯಮ್ಸ್ ಮೂರೂ ಆ ಊರಿನವೇ. 1947ರಲ್ಲಿ ಗಾಟ್ಲೀಬ್‌ನ ಹ್ಯಾರಿ ಮ್ಯಾಬ್ಸ್ ‘ಹಂಪ್ಟಿ ಡಂಪ್ಟಿ’ ಎಂಬ ಯಂತ್ರಕ್ಕೆ ಚೆಂಡನ್ನು ಹೊಡೆಯುವ ಆರು ಫ್ಲಿಪ್ಪರ್ ಜೋಡಿಸಿದ ಮೇಲೆಯೇ ಇದು ಕೈಚಳಕದ ಆಟವಾಯಿತು. ಅದಕ್ಕೆ ಮುಂಚೆ ಚೆಂಡು ಬಿಟ್ಟು, ಪೆಟ್ಟಿಗೆಯನ್ನು ಅಲ್ಲಾಡಿಸಿ, ದೇವರ ಮೇಲೆ ಭಾರ ಹಾಕುವುದಷ್ಟೇ. ಈ ಆಟವನ್ನು ಜೂಜೆಂದು ನ್ಯೂಯಾರ್ಕ್ 1942ರಲ್ಲಿ ನಿಷೇಧಿಸಿತು, 1976ರಲ್ಲಿ ತೆರವು ಮಾಡಿತು. ತಮಾಷೆ ನೋಡು, ಯಂತ್ರ ತಯಾರಾಗುತ್ತಿದ್ದ ಶಿಕಾಗೋದಲ್ಲೂ ಎಪ್ಪತ್ತರ ದಶಕದ ನಡುವಿನವರೆಗೆ ಅದನ್ನು ಆಡುವಂತಿರಲಿಲ್ಲ.

ಇರಲಿ. ಮೊದಲು ಚೆಂಡು ತೆಗೆದಿಟ್ಟುಕೋ, ಆಮೇಲೆ ಆಟದ ಹಲಗೆ ಎತ್ತು. ಮೇಲಿನ ಗಾಜನ್ನು ಎಳೆದು ತೆಗೆದಾಗ ಕಂಬಳಿಯ ಮೇಲಿಡು. ಗ್ಯಾರೇಜಿನ ಸಿಮೆಂಟಿಗೆ ಅದರ ಅಂಚು ತಾಗಿದರೆ ಸಾಕು, ಇಡೀ ಗಾಜು ಪುಡಿಪುಡಿ. ಟಾರ್ಚ್ ಹಿಡಿದು ಒಳಗೆಲ್ಲ ನೋಡು. ಉದುರಿದ ಸ್ಕ್ರೂ, ಬಿಟ್ಟುಹೋದ ವೈರು, ಇಲಿ ಕಡಿದ ಜಾಗ, ಸುಟ್ಟು ಕಪ್ಪಾದ ಕಾಯಿಲಿನ ಕಾಗದ, ಎಲ್ಲಕ್ಕೂ ಫೋಟೋ ತೆಗೆ. ಆಮೇಲೆ ಫ್ಯೂಸುಗಳನ್ನು ಒಂದೊಂದಾಗಿ ಕಿತ್ತು, ಅದರ ಮೇಲೆ ಬರೆದ ಆಂಪಿಯರನ್ನು ಪೆಟ್ಟಿಗೆಯೊಳಗಿನ ಚೀಟಿಯೊಂದಿಗೆ ತಾಳೆ ನೋಡು. ಹಿಂದಿನ ಪುಣ್ಯಾತ್ಮರು ಫ್ಯೂಸಿಗೆ ಸಿಗರೇಟು ಪ್ಯಾಕಿನ ಬೆಳ್ಳಿ ಕಾಗದ ಸುತ್ತಿರುವುದುಂಟು. ಫ್ಯೂಸ್ ಹೋಗುವುದು ರೋಗವಲ್ಲ, ರೋಗದ ಸುದ್ದಿ. ದಪ್ಪ ಫ್ಯೂಸ್ ಹಾಕಿ ಆ ಸುದ್ದಿಯ ಬಾಯಿ ಮುಚ್ಚಿಸಿದರೆ ಬೆಂಕಿಯೇ ಬಂದು ಹೇಳುತ್ತದೆ. ಪ್ಲಗ್ಗಿನ ವೈರು ಎರಡು ಪಿನ್ನಿನದಾದರೆ ತೆಗೆದು, ಅರ್ಥಿಂಗ್ ಇರುವ ಮೂರು ಪಿನ್ನಿನದು ಹಾಕು. ನೀನು ಕೈಯಿಡುವ ನಾಣ್ಯದ ಬಾಗಿಲು ಕಬ್ಬಿಣದ್ದು.

ಸಾಮಾನು ಅಂಥ ದೊಡ್ಡದೇನೂ ಬೇಡ. ಡಿಜಿಟಲ್ ಮಲ್ಟಿಮೀಟರ್, ಉಷ್ಣತೆ ಹೊಂದಿಸಬಹುದಾದ ಸೋಲ್ಡರಿಂಗ್ ಐರನ್, ಕಾಲು ಇಂಚು ಮತ್ತು 5/16 ಇಂಚಿನ ನಟ್‌ಡ್ರೈವರ್, ಎರಡು ತುದಿಗೂ ಮೊಸಳೆ ಕ್ಲಿಪ್ ಇರುವ ಒಂದಷ್ಟು ವೈರು, ಸ್ವಿಚ್ಚಿನ ಪಟ್ಟಿಯನ್ನು ಬಾಗಿಸುವ ಸಣ್ಣ ಸಲಕರಣೆ, ಕಾಂಟ್ಯಾಕ್ಟ್ ಉಜ್ಜುವ ನಯವಾದ ಅರ. ಆ ಯಂತ್ರದ ಸರ್ಕ್ಯೂಟ್ ನಕ್ಷೆ ಮಾತ್ರ ಬೇಕೇ ಬೇಕು. ನಕ್ಷೆ ಇಲ್ಲದೆ ರಿಲೇಗಳ ಕಾಡಿಗೆ ಇಳಿಯಬೇಡ.

ಫ್ಲಿಪ್ಪರ್ ಒಂದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಅದು ಗೊತ್ತಾದರೆ ಅರ್ಧ ಯಂತ್ರ ಗೊತ್ತಾದಂತೆ. ಫ್ಲಿಪ್ಪರಿನ ಕಾಯಿಲಿನಲ್ಲಿ ಎರಡು ಸುತ್ತುಗಳಿವೆ. ದಪ್ಪ ತಂತಿಯದು ಜೋರಾಗಿ ಎತ್ತಲಿಕ್ಕೆ, ತೆಳು ತಂತಿಯದು ಎತ್ತಿದ್ದನ್ನು ಹಿಡಿದಿಡಲಿಕ್ಕೆ. ನೀನು ಗುಂಡಿ ಒತ್ತಿದ ಕ್ಷಣ ಒಂದು ಸಣ್ಣ ಸ್ವಿಚ್ ಮುಚ್ಚಿಕೊಂಡಿರುವುದರಿಂದ ಕರೆಂಟು ತೆಳು ಸುತ್ತನ್ನು ಬಿಟ್ಟು ಬರೀ ದಪ್ಪ ಸುತ್ತಿನಲ್ಲಿ ಹರಿಯುತ್ತದೆ, ಫ್ಲಿಪ್ಪರ್ ಪಟ್ ಅಂತ ಏಳುತ್ತದೆ. ಪೂರ್ತಿ ಎದ್ದ ಮೇಲೆ ಅದರ ಬೆನ್ನೇ ಹೋಗಿ ಆ ಸ್ವಿಚ್ಚನ್ನು ತೆರೆಯುತ್ತದೆ. ತೆಳು ಸುತ್ತು ಸೇರಿಕೊಂಡು ಕರೆಂಟು ಇಳಿಯುತ್ತದೆ. ಈಗ ಯೋಚಿಸು. ಆ ಸ್ವಿಚ್ಚಿನ ತುದಿ ಕಪ್ಪುಗಟ್ಟಿದ್ದರೆ ಫ್ಲಿಪ್ಪರ್ ಸೋಮಾರಿಯಾಗುತ್ತದೆ. ಅದು ತೆರೆಯದೇ ಹೋದರೆ, ನೀನು ಗುಂಡಿ ಒತ್ತಿ ಹಿಡಿದಷ್ಟು ಹೊತ್ತೂ ಕಾಯಿಲ್ ಬೇಯುತ್ತದೆ. ಫ್ಲಿಪ್ಪರಿಗೆ ಶಕ್ತಿ ಇಲ್ಲವೆಂದು ಹೊಸ ಕಾಯಿಲ್ ತರಿಸಿ ಹಾಕುವ ಹುಡುಗರನ್ನು ಬೇಕಾದಷ್ಟು ನೋಡಿದ್ದೇನೆ. ಹಳೇ ಸ್ವಿಚ್ ಹಾಗೇ ಉಳಿದಿರುತ್ತದೆ, ಫ್ಲಿಪ್ಪರ್ ಹಾಗೇ ಕುಂಟುತ್ತಿರುತ್ತದೆ. ಆ ಸ್ವಿಚ್ಚಿಗೆ ಅರ ಹಿಡಿ, ಫ್ಲಿಪ್ಪರ್ ಪೂರ್ತಿ ಎದ್ದಾಗ ಎರಡು ಮೂರು ಮಿಲಿಮೀಟರ್ ತೆರೆದುಕೊಳ್ಳುವಂತೆ ಬಾಗಿಸು. ಕಾಯಿಲಿನೊಳಗಿನ ಹಳೇ ಲೋಹದ ಕೊಳವೆ ತೆಗೆದು ನೈಲಾನಿನದು ಹಾಕು. ಅದಕ್ಕೆ ಎಣ್ಣೆ ಬೇಡ. ಡಬ್ಲ್ಯೂಡಿ-40 ಅಂತೂ ಹತ್ತಿರ ಸುಳಿಯಲೇಬಾರದು: ಧೂಳು ಹಿಡಿದು ಅಂಟಾಗುತ್ತದೆ, ಮೇಲಾಗಿ ಕಿಡಿ ಹಾರುವ ಜಾಗದಲ್ಲಿ ಉರಿಯುವ ದ್ರವ.

ಉಳಿದ ಸ್ವಿಚ್ಚುಗಳು ನೂರಾರಿವೆ. ಸಿಕ್ಕಿದ್ದನ್ನೆಲ್ಲ ಬಾಗಿಸುತ್ತಾ ಹೋಗಬೇಡಪ್ಪ. ಒಂದು ತಪ್ಪಿದ್ದ ಕಡೆ ಇಪ್ಪತ್ತು ತಪ್ಪು ಹುಟ್ಟುತ್ತವೆ. ಮೊದಲು ಪಟ್ಟಿಗಳನ್ನು ಕಚ್ಚಿ ಹಿಡಿದ ಸ್ಕ್ರೂ ಬಿಗಿ ಮಾಡು, ಎಷ್ಟೋ ಸಲ ಅಷ್ಟಕ್ಕೇ ಸರಿಹೋಗುತ್ತದೆ. ಅಂಕದ ಉರುಳೆ ಮತ್ತು ಹೆಜ್ಜೆಹೆಜ್ಜೆಯಾಗಿ ತಿರುಗುವ ಸ್ಟೆಪ್ಪರುಗಳಲ್ಲಿ ಹಳೇ ಗ್ರೀಸು ಗಟ್ಟಿಯಾಗಿ ಗೋಂದಾಗಿರುತ್ತದೆ; ಆಲ್ಕೋಹಾಲಿನಲ್ಲಿ ಒರೆಸಿ ತೆಗೆ. ಎಲ್ಲ ಆದಮೇಲೆ ಕರೆಂಟು ಕೊಡು, ಆದರೆ ಕೈ ಸ್ವಿಚ್ಚಿನ ಮೇಲೇ ಇರಲಿ. ಯಾವುದಾದರೂ ಕಾಯಿಲ್ ಎಳೆದುಕೊಂಡು ಬಿಡದೇ ಇದ್ದರೆ ತಕ್ಷಣ ಆರಿಸು. ಆಟ ಶುರು ಮಾಡಿದಾಗ ಒಳಗಿನ ಮೋಟಾರು ನಿಲ್ಲದೆ ಸುತ್ತುತ್ತಲೇ ಇದ್ದರೆ ಗಾಬರಿಯಾಗಬೇಡ. ಎಲ್ಲ ಉರುಳೆಗಳೂ ಸೊನ್ನೆಗೆ ಬರಲಿ ಅಂತ ಅದು ಕಾಯುತ್ತಿದೆ. ಯಾವ ಉರುಳೆ ಬಂದಿಲ್ಲ, ಯಾವುದು ಬಂದೂ ಅದರ ಸ್ವಿಚ್ ಸುದ್ದಿ ಮುಟ್ಟಿಸಿಲ್ಲ ಅನ್ನುವುದನ್ನು ಹುಡುಕು.

ನಿನ್ನ ಗೆಳೆಯ 1979ರ ಬ್ಯಾಲಿ ತಂದಿದ್ದಾನೆ ಅಂದೆಯಲ್ಲ, ಅವನ ಕಷ್ಟವೇ ಬೇರೆ. ಅದು ಸರ್ಕ್ಯೂಟ್ ಬೋರ್ಡಿನ ಕಾಲದ್ದು. ಬೋರ್ಡಿಗೇ ಬೆಸೆದಿರುವ ಬ್ಯಾಟರಿ ಸೋರಿ ತಾಮ್ರದ ಗೆರೆಗಳನ್ನು ತಿಂದಿರುತ್ತದೆ. ಆ ಬ್ಯಾಟರಿ ಕಿತ್ತು, ಹಸಿರುಗಟ್ಟಿದ ಕಡೆ ಬಿಳಿ ವಿನೆಗರ್ ಹಚ್ಚಿ, ನೀರಿನಲ್ಲಿ ತೊಳೆದು, ಆಲ್ಕೋಹಾಲಿನಿಂದ ಒಣಗಿಸಬೇಕು. ಹೊಸ ಬ್ಯಾಟರಿಯನ್ನು ಬೋರ್ಡಿನಿಂದ ದೂರ ಇಡಲಿ. ಹಲಗೆಯ ಮೇಲಿನ ಅವನ ಸ್ವಿಚ್ಚುಗಳಿಗೆ ಚಿನ್ನದ ತೆಳು ಲೇಪವಿದೆ, ಅಲ್ಲಿ ಅರ ಸಲ್ಲದು. ವಿಸಿಟಿಂಗ್ ಕಾರ್ಡನ್ನು ನಡುವೆ ಸಿಕ್ಕಿಸಿ ಎಳೆದರೆ ಸಾಕು. ಅಂಕ ತೋರಿಸುವ ಡಿಸ್‌ಪ್ಲೇಗಳಿಗೆ 190 ವೋಲ್ಟಿನಷ್ಟು ಹೋಗುತ್ತದೆ, ಪ್ಲಗ್ ಕಿತ್ತ ಮೇಲೂ ಕೆಪಾಸಿಟರಿನಲ್ಲಿ ಸ್ವಲ್ಪ ಹೊತ್ತು ಉಳಿದಿರುತ್ತದೆ. ಅಲ್ಲಿಗೆ ಕೈ ಹಾಕುವ ಮುಂಚೆ ಮೀಟರ್ ಹಿಡಿದು ನೋಡು ಅಂತ ಅವನಿಗೆ ಹೇಳು.

ರಬ್ಬರುಗಳನ್ನೆಲ್ಲ ಹೊಸದು ಹಾಕು, ಚೆಂಡೂ ಹೊಸದಿರಲಿ. ತುಕ್ಕಿನ ಚೆಂಡು ಹಲಗೆಯ ಬಣ್ಣ ಕೆರೆಯುತ್ತದೆ. ಹಲಗೆಗೆ ನೀರು ಸುರಿಯಬೇಡ, ಮರ ಉಬ್ಬುತ್ತದೆ. 44ನೇ ನಂಬರಿನ ಬಲ್ಬಿನ ಜಾಗಕ್ಕೆ 47 ಹಾಕು, ಕರೆಂಟೂ ಕಮ್ಮಿ, ಬಿಸಿಯೂ ಕಮ್ಮಿ. ಇಳಿಜಾರು ಮೂರೂವರೆ ಡಿಗ್ರಿಯ ಆಸುಪಾಸಿನಲ್ಲಿರಲಿ. ಹೊಸ ಯಂತ್ರಗಳ ಆರೂವರೆ ಇದಕ್ಕೆ ಆಗಿಬರುವುದಿಲ್ಲ. ಮುಂದೆಂದಾದರೂ ಮೈಸೂರಿನ ಮನೆಗೆ ಸಾಗಿಸುವ ಆಸೆಯಿದ್ದರೆ, 230 ವೋಲ್ಟನ್ನು 120ಕ್ಕೆ ಇಳಿಸುವ ಟ್ರಾನ್ಸ್‌ಫಾರ್ಮರ್ ಒಂದೇ ಸಾಲದು. ನಮ್ಮಲ್ಲಿ 50 ಹರ್ಟ್ಸ್, ಅಲ್ಲಿ 60. ಮೋಟಾರು ನಿಧಾನಕ್ಕೆ ತಿರುಗುತ್ತದೆ, ಒಳಗಿನ ಟ್ರಾನ್ಸ್‌ಫಾರ್ಮರ್ ಹೆಚ್ಚು ಕಾಯುತ್ತದೆ.

ಕೊನೆಗೆ, ತಲೆಯ ಭಾಗದಲ್ಲಿರುವ ಚಿತ್ರದ ಗಾಜು. ಕಾಯಿಲ್, ರಬ್ಬರ್, ಬಲ್ಬು ಎಲ್ಲವೂ ಇವತ್ತಿಗೂ ಅಂಗಡಿಯಲ್ಲಿ ಸಿಗುತ್ತವೆ, ಆದರೆ ಆ ಚಿತ್ರ ಒಮ್ಮೆ ಉದುರಿದರೆ ಉದುರಿತು. ಅದರ ಬಣ್ಣ ಇರುವುದು ಗಾಜಿನ ಹಿಂಬದಿಯಲ್ಲಿ. ವರ್ಷಾನುಗಟ್ಟಲೆ ಬಲ್ಬಿನ ಶಾಖ ತಿಂದು ಹಪ್ಪಳದಂತೆ ಎದ್ದಿರುತ್ತದೆ. ಹೊಳೆಯಲಿ ಅಂತ ಹಿಂದಿನಿಂದ ಒಂದು ಸಲ ಬಟ್ಟೆ ಆಡಿಸಿದರೆ ಚಿತ್ರ ಬಟ್ಟೆಗೆ ಬರುತ್ತದೆ. ಮುಂದಿನ ಮೈಯನ್ನು ಬೇಕಾದರೆ ನೀನೇ ಒರೆಸು. ಹಿಂದಿನ ಮೈಯನ್ನು ನೀನೂ ಮುಟ್ಟಬೇಡ, ಮನೆಗೆ ಬಂದ ನೆಂಟರಿಗೂ ಮುಟ್ಟಲು ಬಿಡಬೇಡ.